ಕಾಲು ಒತ್ತಿದರೆ ನಡುಕ

ಚನ್ನರಾಯಪಟ್ಟಣದಲ್ಲಿ ತಿಂಡಿ ಮುಗಿಸಿ, ರಾಷ್ಟ್ರೀಯ ಹೆದ್ದಾರಿ 75 ಬಿಟ್ಟು ಹೊಳೆನರಸೀಪುರದ ದಾರಿ ಹಿಡಿದ ಮೇಲೆ ಕಾರು ಹಟ ಶುರು ಮಾಡಿತು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬರುವಾಗ ತೆಪ್ಪಗಿದ್ದ ಗಾಡಿ, ಮುಂದಿದ್ದ ತೆಂಗಿನಕಾಯಿ ಲಾರಿಯನ್ನು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಗಡಗಡ ನಡುಗಿತು. ಕಾಲು ತೆಗೆದರೆ ಏನೂ ಇಲ್ಲ. ಮತ್ತೆ ಒತ್ತಿದರೆ ಮತ್ತೆ ಅದೇ. ಐವತ್ತರಿಂದ ಎಂಬತ್ತರ ನಡುವೆ ಜಾಸ್ತಿ, ಏರು ಸಿಕ್ಕರೆ ಇನ್ನೂ ಜಾಸ್ತಿ. ಹಿಂದಿನ ಸೀಟಿನಲ್ಲಿ ಅಕ್ಕ, ಭಾವ, ಡಿಕ್ಕಿ ತುಂಬ ಅವರ ಸಾಮಾನು. ಭಾರ ಇಳಿದರೆ ಕಡಿಮೆಯಾದೀತೇನೋ ಅನ್ನಿಸಿತು. ಅಕ್ಕನ ಮುಂದೆ ಆ ಮಾತು ಆಡುವ ಧೈರ್ಯ ಯಾರಿಗಿದೆ?

ಹೊರಟಿದ್ದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ. ಭಾವನಿಗೆ ಸಂಗೀತದ ಹುಚ್ಚು. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ಕಾವೇರಿ ದಂಡೆ, ತಂಬೂರಿಯ ಆಕಾರದಲ್ಲಿ ಕಟ್ಟಿದ ಮಂದಿರ ಎಂದು ದಾರಿಯುದ್ದಕ್ಕೂ ವರ್ಣಿಸುತ್ತಲೇ ಬಂದರು.

ಇಳಿಜಾರೊಂದರಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ನೋಡಿದೆ. ಎಪ್ಪತ್ತರಲ್ಲೂ ಗಾಡಿ ಅಲುಗಲಿಲ್ಲ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ಕಾಲು ಒತ್ತಿದರೂ ಬಿಟ್ಟರೂ ಒಂದೇ, ವೇಗ ಬಂದರೆ ಅದು ಅಲುಗಲೇಬೇಕು. ಅಲ್ಲಿಗೆ ಟೈರಿನ ಮೇಲಿದ್ದ ಅನುಮಾನ ಹೋಯಿತು.

ಹೊಳೆನರಸೀಪುರದಲ್ಲಿ ಅಕ್ಕ, ಭಾವ ಲಕ್ಷ್ಮೀನರಸಿಂಹಸ್ವಾಮಿಯ ದರ್ಶನಕ್ಕೆ ಹೋದರು, ನಾನು ಗ್ಯಾರೇಜಿಗೆ. ಅಲ್ಲಿದ್ದ ಹುಡುಗ ‘ಮಿಸ್ಸಿಂಗ್ ಹೊಡೀತಿರಬೇಕು ಸಾರ್’ ಅಂದ. ತಪ್ಪು ಊಹೆಯೇನಲ್ಲ. ಇಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದಿದ್ದರೆ, ಕಾಯಿಲ್ ಸೋತಿದ್ದರೆ, ಸುಮ್ಮನೆ ನಿಂತಾಗ ಸರಿಯಾಗಿರುವ ಇಂಜಿನ್ ಏರಿನಲ್ಲಿ ಮುಗ್ಗರಿಸುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನೋಡಿದ. ಎರಡನೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಪಿ0302 ಎಂಬ ಕೋಡ್ ಬರಬೇಕು, ನಾಲ್ಕನೆಯದಾದರೆ ಪಿ0304. ಒಂದೂ ಬರಲಿಲ್ಲ. ಪ್ಲಗ್ ಬಿಚ್ಚಿದ, ನಾಲ್ಕರ ತುದಿಯೂ ಒಂದೇ ಹದದ ಕಂದು ಬಣ್ಣ. ಇಲ್ಲದ ರೋಗಕ್ಕೆ ಹೊಸ ಪ್ಲಗ್ ಹಾಕಿ ಬಿಲ್ ಮಾಡಬಹುದಿತ್ತು. ಹುಡುಗ ಹಾಗೆ ಮಾಡಲಿಲ್ಲ. ‘ಇಂಜಿನ್ ಚೆನ್ನಾಗೈತೆ, ಅರಕಲಗೂಡಲ್ಲಿ ನಮ್ಮ ಮೇಸ್ತ್ರಿ ಅವ್ರೆ, ತೋರಿಸಿ’ ಎಂದು ಕಳಿಸಿಕೊಟ್ಟ.

ಸೆಪ್ಟೆಂಬರ್ ತಿಂಗಳು. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದ ಮಾಡುವ ಕಾಲ, ಹೊಲಗಳ ನಡುವಿನ ಬ್ಯಾರನ್‌ಗಳಿಂದ ಸೌದೆ ಹೊಗೆ ಏಳುತ್ತಿತ್ತು. ಶುಂಠಿ ಹೊಲದಿಂದ ಬಂದ ಟ್ರ್ಯಾಕ್ಟರುಗಳು ರಸ್ತೆಗೆಲ್ಲ ಕೆಸರು ಬಳಿದಿದ್ದವು.

ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ‘ಕೀ ಕೊಡಿ ಸಾರ್, ಎಲ್ರೂ ಕೂತ್ಕಳಿ’ ಅಂದರು. ಅಕ್ಕನನ್ನೂ ಬಿಡಲಿಲ್ಲ. ಊರಾಚೆ ಅರವತ್ತರಲ್ಲಿ ಮೂರನೇ ಗೇರಿನಲ್ಲಿ ಒತ್ತಿದರು, ಮತ್ತೆ ಅದೇ ಅರವತ್ತಕ್ಕೆ ಬಂದು ನಾಲ್ಕನೇ ಗೇರಿನಲ್ಲಿ ಒತ್ತಿದರು. ನಡುಕದ ಬಡಿತ ಎರಡರಲ್ಲೂ ಒಂದೇ. ‘ಇಂಜಿನ್ ಆಗಿದ್ರೆ ಗೇರಿಗೊಂದು ಥರ ಬಡೀಬೇಕು. ಇದು ಚಕ್ರದ ಲೆಕ್ಕದಲ್ಲಿ ಬಡೀತೈತೆ. ಆಕ್ಸಲ್ಲು.’

ಜಾಕ್ ಕೊಟ್ಟು ಟಾರ್ಚ್ ಬಿಟ್ಟರು. ಬಲಗಡೆ ಆಕ್ಸಲ್ ಗೇರ್‌ಬಾಕ್ಸ್ ಸೇರುವ ಕಡೆಯ ರಬ್ಬರ್ ಬೂಟ್ ಮಡಿಕೆಯಲ್ಲಿ ಹರಿದಿತ್ತು. ಸುತ್ತಲೂ ಕಪ್ಪು ಗ್ರೀಸ್ ಚಿಮ್ಮಿ ಒಂದೇ ಸಾಲಿನಲ್ಲಿ ಅಂಟಿತ್ತು. ಆಕ್ಸಲ್ಲಿನ ಎರಡು ತುದಿಗೂ ಒಂದೊಂದು ಜಾಯಿಂಟ್. ಚಕ್ರದ ಕಡೆಯ, ಹೊರಗಿನ ಜಾಯಿಂಟ್ ಹೋದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನುತ್ತದೆ, ಅದಕ್ಕೇ ಎಲ್ಲರೂ ಅದನ್ನು ಬೇಗ ಹಿಡಿಯುತ್ತಾರೆ. ಒಳಗಿನದು ಸಾಮಾನ್ಯವಾಗಿ ಹಾಗೆ ಸದ್ದು ಮಾಡುವುದಿಲ್ಲ, ನಡುಗಿಸುತ್ತದೆ ಅಷ್ಟೆ.

ಬೂಟ್ ಸರಿಸಿ ಆಕ್ಸಲ್ ಎಳೆದಾಗ ಒಳಗಿನ ಕರಾಮತ್ತು ಕಂಡಿತು. ಮೂರು ಕೈಯ ಉಕ್ಕಿನ ತುಂಡು, ಒಂದೊಂದು ಕೈಗೂ ಒಂದು ರೋಲರ್. ಅದು ಕೂರುವ ಬಟ್ಟಲಿನ ಮೂರು ತೋಡುಗಳಲ್ಲಿ ಆ ರೋಲರುಗಳು ಹಿಂದೆ ಮುಂದೆ ಜಾರಬೇಕು. ಮೇಸ್ತ್ರಿ ನನ್ನ ಹೆಬ್ಬೆರಳು ಹಿಡಿದು ತೋಡಿನ ಮೇಲೆ ಎಳೆಸಿದರು. ನುಣುಪಾಗಿರಬೇಕಾದ ಕಡೆ ಉಗುರು ತಡೆದು ನಿಂತಿತು. ಗ್ರೀಸ್ ಹೋಗಿ, ಕೆಸರು ಮರಳು ಹೊಕ್ಕು ಹಳ್ಳ ಬಿದ್ದಿತ್ತು. ಆಕ್ಸಿಲರೇಟರ್ ಒತ್ತಿದಾಗ ರೋಲರ್ ಆ ಹಳ್ಳಕ್ಕೆ ಒತ್ತಿ ಕೂರುತ್ತದೆ, ಜಾರಲಾರದೆ ಆಕ್ಸಲ್ಲನ್ನೇ ಪಕ್ಕಕ್ಕೆ ನೂಕುತ್ತದೆ. ಚಕ್ರದ ಪ್ರತಿ ಸುತ್ತಿಗೂ ಮೂರು ನೂಕು. ಕಾಲು ತೆಗೆದರೆ ಒತ್ತಡವೂ ಇಲ್ಲ, ನೂಕೂ ಇಲ್ಲ. ಹಿಂದೆ ಭಾರ ಕೂತು ಗಾಡಿಯ ಮೂತಿ ಮೇಲೆದ್ದಷ್ಟೂ ಆಕ್ಸಲ್ಲಿನ ಓರೆ ಹೆಚ್ಚುತ್ತದೆ, ನಡುಕವೂ. ಅಕ್ಕನನ್ನು ಯಾಕೆ ಕೂರಿಸಿಕೊಂಡರೆಂದು ಆಗ ತಿಳಿಯಿತು. ಅಕ್ಕನಿಗೂ ತಿಳಿಯಿತು.

ಬರೀ ಬೂಟ್ ಹಾಕಿದರೆ ದುಡ್ಡು ದಂಡ, ರೋಲರ್ ಜೊತೆ ಬಟ್ಟಲೂ ಬದಲಾಗಬೇಕು ಅಂದರು. ಆ ಸಾಮಾನು ಅಲ್ಲಿ ಸಿಗಲಿಲ್ಲ. ತಾತ್ಕಾಲಿಕಕ್ಕೆ ಗ್ರೀಸ್ ತುಂಬಿ, ಬೂಟಿಗೆ ಟ್ಯೂಬಿನ ಪಟ್ಟಿ ಸುತ್ತಿ, ‘ನಲವತ್ತು ದಾಟಬೇಡಿ’ ಎಂದು ತಾಕೀತು ಮಾಡಿ ಹಾಸನಕ್ಕೆ ಕಳಿಸಿದರು. ರುದ್ರಪಟ್ಟಣ ಮುಂದಕ್ಕೆ ಹೋಯಿತು. ಭಾವ ಮುಖ ಊದಿಸಿಕೊಂಡರು.

ಗೊರೂರಿನ ದಾರಿಯಲ್ಲಿ ನಲವತ್ತರ ಲಾಭವೂ ಉಂಟು: ಹೇಮಾವತಿ ಹಿನ್ನೀರು ತುಂಬಿದಾಗ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಕಥೆ ಹೇಳಿ ಮುಗಿಸುವಷ್ಟು ಹೊತ್ತು ಸಿಗುತ್ತದೆ. ಅಣೆಕಟ್ಟೆ ಎದ್ದದ್ದು 1979ರಲ್ಲಿ ಅಂದೆ. ಭಾವ ಹೂಂ ಅಂದರು, ಅಷ್ಟೆ.

ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಜಾಯಿಂಟ್ ಸಿಕ್ಕಿತು. ಆಕ್ಸಲ್ ಎಳೆದರೆ ಗೇರ್ ಆಯಿಲ್ ಸುರಿಯುತ್ತದೆ, ಹಾಗಾಗಿ ಆಯಿಲ್ ಸೀಲೂ ಹೊಸದು ಬೇಕು. ಹಬ್ ನಟ್ಟನ್ನೂ ಹಳೆಯದನ್ನೇ ಬಿಗಿಯಬಾರದು. ಎಡಗಡೆಯ ಬೂಟಿನಲ್ಲೂ ಬಿರುಕು ಕಂಡಿದ್ದರಿಂದ ಅದನ್ನೂ ಬದಲಾಯಿಸಿ ಗ್ರೀಸ್ ತುಂಬಿಸಿದೆ. ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಿದೆ, ಕಾರು ಮಿಸುಕಲಿಲ್ಲ. ಬೆಳಿಗ್ಗೆ ರುದ್ರಪಟ್ಟಣಕ್ಕೆ ಎಷ್ಟು ಹೊತ್ತಿಗೆ ಹೊರಡೋದು ಎಂದು ಭಾವ ಕೇಳಿದರು.