ಎಂಟು ತಿರುಪುಗಳು

ಮನೆ ಚಿಕ್ಕದಾದಾಗ ಸಾಮಾನುಗಳನ್ನು ಅಟ್ಟಕ್ಕೇರಿಸುವುದು ಲೋಕದ ರೂಢಿ. ಅಟ್ಟವೂ ತುಂಬಿದಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆ ಹುಟ್ಟುತ್ತದೆ. ಯಂತ್ರಗಳ ಪಾಡೂ ಇದಕ್ಕಿಂತ ಬೇರೆಯಲ್ಲ.

ಮೈಸೂರಿನ ಹಳೆಯ ಬೀದಿಯೊಂದರ ಮನೆಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿದ್ದನು. ಅಮೆರಿಕದಲ್ಲಿ ನೌಕರಿಯಲ್ಲಿರುವ ಅವನ ಸೋದರಮಾವನು ಊರಿಗೆ ಬಂದಾಗ, ತಾನು ಬಳಸುತ್ತಿದ್ದ ಯಂತ್ರವೊಂದನ್ನು ಅವನಿಗೆ ಕೊಟ್ಟು ಹೋದನು. ಎರಡು ಕೈಗಳಲ್ಲಿ ಹಿಡಿದು ಆಡುವ ಗಣಕಯಂತ್ರವದು. ಹೆಸರು ಸ್ಟೀಮ್ ಡೆಕ್. ಅಮೆರಿಕದ ವಾಲ್ವ್ ಸಂಸ್ಥೆಯು 2022ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ನೋಟಕ್ಕೆ ಆಟಿಕೆಯಾದರೂ ಏಳು ಅಂಗುಲದ ಪರದೆಯ ಹಿಂದೆ ಪೂರ್ಣ ಪ್ರಮಾಣದ ಗಣಕವೇ ಅಡಗಿದೆ. ಆದರೆ ಮಾವನು ಕೊಂಡಿದ್ದುದು ಅತ್ಯಂತ ಅಗ್ಗದ ಮಾದರಿ. ಅದರ ಸಂಗ್ರಹವು 64 ಗಿಗಾಬೈಟು ಮಾತ್ರ. ಇಂದಿನ ದೊಡ್ಡ ಆಟವೊಂದೇ 100 ಗಿಗಾಬೈಟುಗಳನ್ನು ಮೀರಬಲ್ಲದು. ಒಂದು ಆಟವನ್ನು ತುಂಬಬೇಕಾದರೆ ಇನ್ನೊಂದನ್ನು ಅಳಿಸಬೇಕಾಗುತ್ತಿತ್ತು.

ಹುಡುಗನು ಹಬ್ಬಕ್ಕೆ ಬಂದ ಹಣವನ್ನು ಕೂಡಿಟ್ಟು 512 ಗಿಗಾಬೈಟುಗಳ ಹೊಸ ಸಂಗ್ರಹ ಫಲಕವೊಂದನ್ನು ತರಿಸಿದನು. ಅದರ ಅಗಲ 22 ಮಿಲಿಮೀಟರು, ಉದ್ದ 30 ಮಿಲಿಮೀಟರು. ಹೆಬ್ಬೆರಳಿನಷ್ಟು ತುಣುಕಿನಲ್ಲಿ ಹಳೆಯದರ ಎಂಟರಷ್ಟು ಜಾಗ! ಅಂದೇ ಯಂತ್ರವನ್ನು ಬಿಚ್ಚಲು ಅವನ ಕೈ ತುರಿಸಿತು. ಅಷ್ಟರಲ್ಲಿ ಹುಬ್ಬಳ್ಳಿಯ ಕಾಲೇಜಿನಿಂದ ಅಕ್ಕನ ಕರೆ ಬಂದಿತು. ವಿಷಯವನ್ನು ಕೇಳಿದವಳೇ ಆಕೆ, “ನನ್ನ ತೋಟ ಏನಾಗುತ್ತದೆ?” ಎಂದಳು.

ಊರು ಬಿಡುವ ಮುಂಚಿನ ಬೇಸಿಗೆಯಲ್ಲಿ ಅಕ್ಕತಮ್ಮಂದಿರು ಆಟವೊಂದರಲ್ಲಿ ತೋಟ ಮಾಡಿದ್ದರು. ಬಾವಿ ತೋಡಿ, ಬೇಲಿ ಕಟ್ಟಿ, ಬೆಳೆ ತೆಗೆದಿದ್ದರು. ಹುಡುಗನಿಗೆ ಅದರ ನೆನಪೇ ಇರಲಿಲ್ಲ. ಅನೇಕ ಆಟಗಳ ದಾಖಲೆಯು ಅಂತರಜಾಲದ ಮೂಲಕ ದೂರದ ಗಣಕಗಳಲ್ಲಿಯೂ ಪ್ರತಿಯಾಗಿ ಉಳಿಯುತ್ತದೆ. ಆದರೆ ಎಲ್ಲ ಆಟಗಳಿಗೂ ಆ ಸೌಕರ್ಯವಿಲ್ಲ. ಅಕ್ಕನ ತೋಟವಿದ್ದುದು ಯಂತ್ರದೊಳಗೆ ಮಾತ್ರ. ಹುಡುಗನು ಆ ರಾತ್ರಿ ತಿರುಪುಳಿಯನ್ನು ಬದಿಗಿಟ್ಟು, ತೋಟದ ಕಡತಗಳನ್ನು ಹುಡುಕಿ ಪೆನ್‌ಡ್ರೈವೊಂದಕ್ಕೆ ಇಳಿಸಿದನು. ಬಳಿಕ ಇನ್ನೊಂದು ಪೆನ್‌ಡ್ರೈವಿನಲ್ಲಿ, ಬರಿದಾದ ಫಲಕಕ್ಕೆ ಜೀವ ತುಂಬುವ ಕಾರ್ಯವ್ಯವಸ್ಥೆಯನ್ನು ಸಿದ್ಧಪಡಿಸಿಕೊಂಡನು.

ಯಂತ್ರವನ್ನು ಬಿಚ್ಚುವ ಹಕ್ಕು ಕೊಂಡವರದೇ, ಆದರೆ ಬಿಚ್ಚದಿರುವುದೇ ಲೇಸು ಎಂದು ತಯಾರಕರೇ 2021ರಲ್ಲಿ ಚಲನಚಿತ್ರಿಕೆಯೊಂದರಲ್ಲಿ ಎಚ್ಚರಿಸಿದ್ದರು. ಹುಡುಗನು ಅದನ್ನು ನೋಡಿದ್ದನು. ಹೀಗಾಗಿ ಮರುದಿನ ಅಜ್ಜನನ್ನು ಜೊತೆಗೆ ಕೂರಿಸಿಕೊಂಡನು. ಅಜ್ಜನು ನಲವತ್ತು ವರ್ಷ ಗಡಿಯಾರ ದುರಸ್ತಿ ಮಾಡಿದವನು. ಗಣಕವನ್ನು ಅವನು ಅರಿಯನು. ತಿರುಪನ್ನು ಚೆನ್ನಾಗಿ ಬಲ್ಲನು.

ಮೊದಲು ಬ್ಯಾಟರಿಯನ್ನು ಸಂಗ್ರಹ ಸ್ಥಿತಿಯಲ್ಲಿರಿಸಿ ಯಂತ್ರವನ್ನು ಆರಿಸಿದ್ದಾಯಿತು. ಆಮೇಲೆ ಅಂಚಿನಲ್ಲಿದ್ದ ಚಿಕ್ಕ ಸ್ಮರಣಪತ್ರವನ್ನು ಹೊರತೆಗೆದರು. ಇದನ್ನು ಮರೆತು ಬೆನ್ನಿನ ಮುಚ್ಚಳವನ್ನು ಎತ್ತಿದರೆ ಆ ಪತ್ರ ಎರಡು ತುಂಡಾಗುತ್ತದೆ. ಹಿಂಬದಿಯಲ್ಲಿದ್ದವು ಎಂಟು ತಿರುಪುಗಳು. ನಾಲ್ಕು ಉದ್ದ, ನಾಲ್ಕು ಗಿಡ್ಡ. ಅಜ್ಜನು ಹಾಳೆಯ ಮೇಲೆ ಯಂತ್ರದ ಆಕಾರವನ್ನು ಬರೆದು, ಯಾವ ತಿರುಪು ಎಲ್ಲಿಂದ ಬಂದಿತೋ ಅಲ್ಲಿಯೇ ಇಡಿಸಿದನು. ಲೋಹದ ತಗಡನ್ನು ಸರಿಸಿ, ಬ್ಯಾಟರಿಯ ಕೊಂಡಿಯನ್ನು ಕಳಚಿ, ಹಳೆಯ ಫಲಕದ ಒಂಟಿ ತಿರುಪನ್ನು ತೆಗೆದೊಡನೆ ಅದು ತಾನಾಗಿ ಓರೆಯಾಗಿ ಮೇಲೆದ್ದಿತು. ಅದರ ಲೋಹದ ಕವಚವನ್ನು ಹೊಸದಕ್ಕೆ ತೊಡಿಸಿ, ಅದೇ ಓರೆಯಲ್ಲಿ ಒಳಗೆ ತಳ್ಳಿ ಕೂರಿಸಿದರು. ಕಳಚಿದ್ದೆಲ್ಲವೂ ಹಿಮ್ಮುಖ ಕ್ರಮದಲ್ಲಿ ಸ್ವಸ್ಥಾನಕ್ಕೆ ಮರಳಿತು.

ಹುಡುಗನು ಪೆನ್‌ಡ್ರೈವನ್ನು ಚುಚ್ಚಿ ಗುಂಡಿ ಒತ್ತಿದನು. ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದನು, ದೀಪವಿಲ್ಲ, ದನಿಯಿಲ್ಲ. ಅವನ ಮುಖ ಬಿಳಿಚಿತು. ಮಾವನಿಗೆ ಏನೆಂದು ಹೇಳುವುದು? ಅವನು ನಡುಗುವ ಕೈಯಿಂದ ಮತ್ತೆ ತಿರುಪುಳಿಯನ್ನು ಎತ್ತಿಕೊಂಡನು.

ಅಜ್ಜನು ಅವನ ಕೈ ಹಿಡಿದು ಹೇಳಿದನು: “ನನ್ನ ಅಂಗಡಿಗೆ ಕೆಟ್ಟಿದೆಯೆಂದು ಬರುತ್ತಿದ್ದ ಗಡಿಯಾರಗಳಲ್ಲಿ ಕೆಲವು ಕೆಟ್ಟೇ ಇರುತ್ತಿರಲಿಲ್ಲ. ಯಾರೂ ಕೀಲಿ ಕೊಟ್ಟಿರುತ್ತಿರಲಿಲ್ಲ, ಅಷ್ಟೇ. ಬಿಚ್ಚುವ ಮೊದಲು ಕೀಲಿ ನೋಡು.”

ಹುಡುಗನು ಸೂಚನೆಯನ್ನು ಪುನಃ ಓದಿದನು. ಸಂಗ್ರಹ ಸ್ಥಿತಿಯಲ್ಲಿರುವ ಬ್ಯಾಟರಿಯು ಚಾರ್ಜರಿನ ವಿದ್ಯುತ್ತು ತಾಕುವವರೆಗೆ ಎಚ್ಚರಗೊಳ್ಳುವುದಿಲ್ಲ. ಚಾರ್ಜರಿಗೂ ಪೆನ್‌ಡ್ರೈವಿಗೂ ಯಂತ್ರದಲ್ಲಿರುವ ರಂಧ್ರ ಒಂದೇ. ಅದರಲ್ಲಿ ಪೆನ್‌ಡ್ರೈವು ಕುಳಿತಿತ್ತು! ಅದನ್ನು ಕಿತ್ತು ಚಾರ್ಜರನ್ನು ಸೇರಿಸಿದೊಡನೆ ಪುಟ್ಟ ದೀಪ ಬೆಳಗಿತು. ಯಂತ್ರವು ಸತ್ತಿರಲಿಲ್ಲ, ಮಲಗಿತ್ತು. ಬಳಿಕ ಪೆನ್‌ಡ್ರೈವನ್ನು ಮರಳಿ ಸೇರಿಸಿ, ದನಿ ತಗ್ಗಿಸುವ ಗುಂಡಿಯನ್ನೂ ಶಕ್ತಿಯ ಗುಂಡಿಯನ್ನೂ ಒಟ್ಟಿಗೆ ಹಿಡಿದಾಗ, ಹೊಸ ವ್ಯವಸ್ಥೆಯನ್ನು ಬರೆಯುವ ದಾರಿ ತೆರೆಯಿತು.

ವಾರದೊಳಗೆ ಮತ್ತೊಂದು ತೊಡಕು ತಲೆದೋರಿತು. ಒಂದು ಆಟವು ನಡುವೆಯೇ ಸ್ತಬ್ಧವಾಗುತ್ತಿತ್ತು. ಹೊಸ ಫಲಕವೇ ದೋಷಿಯೆಂದು ಹುಡುಗನು ತೀರ್ಪಿತ್ತನು. “ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡು” ಎಂದನು ಅಜ್ಜ. ಆ ಆಟವಿದ್ದುದು ಸ್ಮರಣಪತ್ರದ ಮೇಲೆ. ಅದನ್ನು ಹೊಸ ಫಲಕಕ್ಕೆ ಸಾಗಿಸಿದಾಗ ಸರಾಗವಾಗಿ ನಡೆಯಿತು. ಪತ್ರಕ್ಕೆ ಹಿಂದಿರುಗಿಸಿದಾಗ ಮತ್ತೆ ನಿಂತಿತು. ಬೇರೊಂದು ಆಟವನ್ನು ಪತ್ರದಲ್ಲಿಟ್ಟು ನೋಡಿದರೆ ಅದೂ ನಿಂತಿತು. ಅಪರಾಧಿಯು ಪತ್ತೆಯಾದನು, ನಿರಪರಾಧಿಯಾದ ಫಲಕವು ಬದುಕಿಕೊಂಡಿತು. ಹುಡುಗನು ಸಂತೆಯಲ್ಲಿ ಅಗ್ಗಕ್ಕೆ ಕೊಂಡಿದ್ದ ಆ ಪತ್ರವನ್ನು ತೆಗೆದಿರಿಸಿದನು.

ಕೆಟ್ಟುದನ್ನು ಸರಿಪಡಿಸುವ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ದೊಡ್ಡದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಗಡಿಯಾರದ ಕಾಲಕ್ಕೆ ಎಷ್ಟು ಸಲ್ಲುತ್ತಿತ್ತೋ ಗಣಕದ ಕಾಲಕ್ಕೂ ಅಷ್ಟೇ ಸಲ್ಲುತ್ತದೆ. ಹೊಸದಕ್ಕೆ ಜಾಗ ಮಾಡುವಾಗ ಹಳೆಯದರಲ್ಲಿ ಯಾರ ಪ್ರೀತಿಯ ವಸ್ತು ಉಳಿದಿದೆಯೋ ನೋಡಿಕೊಳ್ಳುವುದು ಅದಕ್ಕಿಂತಲೂ ಮುಖ್ಯ.

ದೀಪಾವಳಿಗೆ ಅಕ್ಕನು ಊರಿಗೆ ಬಂದಳು. ಚೀಲವನ್ನು ಇಳಿಸುವ ಮೊದಲೇ ಯಂತ್ರವನ್ನು ಕೈಗೆತ್ತಿಕೊಂಡಳು. ಬೇಲಿ ಇತ್ತು, ಬಾವಿ ಇತ್ತು, ಬೆಳೆ ಕೊಯ್ಲಿಗೆ ಕಾದಿತ್ತು. ಆಕೆ ತಮ್ಮನ ಬೆನ್ನು ತಟ್ಟಿದಳು. ಅಜ್ಜನು ಮಾತ್ರ ಕಪಾಟಿನಲ್ಲಿ ಮಡಿಸಿಟ್ಟಿದ್ದ ಆ ಹಾಳೆಯನ್ನು ಬಿಡಿಸಿ ಮತ್ತೊಮ್ಮೆ ನೋಡಿದನು. ಅದರ ಮೇಲೆ ಒಂದು ತಿರುಪೂ ಉಳಿದಿರಲಿಲ್ಲ.