ಗಾಣಗಾಪುರದ ಸಂಜೆಬೆಳಕು

ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಹೋದವರಿಗೆ ಹೊತ್ತು ಸರಿದದ್ದೇ ತಿಳಿಯದು. ಬೆಳಗ್ಗೆ ಭೀಮಾ-ಅಮರಜಾ ಸಂಗಮದಲ್ಲಿ ಸ್ನಾನ, ಔದುಂಬರ ವೃಕ್ಷದ ನೆರಳಿನಲ್ಲಿ ಗುರುಚರಿತ್ರೆಯ ಪಾರಾಯಣ; ಮಧ್ಯಾಹ್ನ ಮಧುಕರಿ ಭಿಕ್ಷೆ; ಬಳಿಕ ಕಿರುಗಿಂಡಿಯಲ್ಲಿ ಬಗ್ಗಿ ನೋಡಿ ಪಡೆಯುವ ನಿರ್ಗುಣ ಪಾದುಕೆಗಳ ದರ್ಶನ. ಇಷ್ಟರಲ್ಲಿ ಸಂಜೆಯಾಗಿರುತ್ತದೆ. ದೀಪ ಹಚ್ಚುವ ಆ ಗಳಿಗೆಯಲ್ಲೇ ಯಾತ್ರಿಕನಿಗೆ ಹೆಗಲಿನ ಕ್ಯಾಮರಾ ನೆನಪಾಗುವುದು!

ಸೊಲ್ಲಾಪುರದ ಕಡೆಯಿಂದ ರೈಲಿನಲ್ಲಿ ಬಂದಿಳಿದ ತಾಯಿ-ಮಗನನ್ನು ನೆನೆಯಿರಿ. ತಾಯಿಗೆ ಎಂಬತ್ತು ದಾಟಿದೆ. ಮತ್ತೊಮ್ಮೆ ಈ ಕ್ಷೇತ್ರಕ್ಕೆ ಬರುವ ಶಕ್ತಿ ಅವರ ಕಾಲುಗಳಿಗಿಲ್ಲ. ಸಂಗಮದ ದಡದಲ್ಲಿ ಹಣತೆ ಹಚ್ಚಿ ಅವರು ಕೈಮುಗಿಯುತ್ತಾರೆ. ಮಗ ಚಿತ್ರ ತೆಗೆಯುತ್ತಾನೆ. ಹಿಂದಿನ ಮರ, ಕಲ್ಲುಗಳೆಲ್ಲ ನಿಚ್ಚಳ. ತಾಯಿಯ ಮುಖವೊಂದೇ ಮಸುಕು.

ಯಂತ್ರದ ತಪ್ಪೇನೂ ಇಲ್ಲ. ಆ ಲೆನ್ಸಿನಲ್ಲಿ ನಡುಕ ತಡೆಯುವ ಏರ್ಪಾಡು ಉಂಟು. ಕೈಯ ಅಲುಗಾಟವನ್ನು ಗುರುತಿಸಿ, ಒಳಗಿನ ಗಾಜನ್ನು ಸರಿಸಿ, ಬಿಂಬವನ್ನು ಅದು ಸ್ಥಿರಗೊಳಿಸುತ್ತದೆ. 1995ರಲ್ಲಿ ಕ್ಯಾನನ್ ಸಂಸ್ಥೆ ತನ್ನ 75-300 ಮಿ.ಮೀ. ಲೆನ್ಸಿನಲ್ಲಿ ಇದನ್ನು ಅಳವಡಿಸಿತು. ಸೆಕೆಂಡಿನ 1/15 ಭಾಗದಷ್ಟು ಹೊತ್ತು ಶಟರು ತೆರೆದಿದ್ದರೂ ಇದರಿಂದ ಕಲ್ಲು ಕದಲದು. ಆದರೆ ಅದು ಹಿಡಿದು ನಿಲ್ಲಿಸುವುದು ತೆಗೆಯುವವನ ಕೈಯನ್ನು. ಜಪದ ಲಯಕ್ಕೆ ತೂಗುವ ತಾಯಿಯ ತಲೆಯನ್ನಲ್ಲ.

ಇಂಥಲ್ಲಿ ಒದಗುವುದು ‘ಫಾಸ್ಟ್ ಲೆನ್ಸ್’ ಎಂದು ಹೆಸರಾದ ಬಾಯಗಲದ ಲೆನ್ಸು. ಎಫ್ 3.5ರ ಬದಲು ಎಫ್ 1.8 ಇದ್ದರೆ ಸುಮಾರು ನಾಲ್ಕು ಪಟ್ಟು ಬೆಳಕು ಒಳಬರುತ್ತದೆ. 1/15ರ ಕೆಲಸ 1/60ರಲ್ಲಿ ಮುಗಿಯುತ್ತದೆ. 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೇಣದಬತ್ತಿಯ ಬೆಳಕಿನ ದೃಶ್ಯಗಳನ್ನು ಸೆರೆಹಿಡಿದದ್ದು, ನಾಸಾಗೆಂದು ಝೈಸ್ ಸಂಸ್ಥೆ ತಯಾರಿಸಿದ್ದ ಎಫ್ 0.7ರ ಲೆನ್ಸಿನಿಂದ. ಇದಕ್ಕೂ ಒಂದು ಬೆಲೆಯುಂಟು. ಸ್ಪಷ್ಟತೆಯ ಆಳ ಇಲ್ಲಿ ತೀರ ಕಿರಿದು. ಅಜ್ಜಿಯ ಕಣ್ಣು ನಿಚ್ಚಳವಾದರೆ ಹಿಂದೆ ಕುಳಿತ ಮೊಮ್ಮಗಳು ಮಸುಕಾದಾಳು.

ಹೀಗಾಗಿ ಕತ್ತಲು ಕವಿಯುವ ನದಿಗೆ, ಮರಕ್ಕೆ, ನಿಶ್ಚಲ ಗೋಪುರಕ್ಕೆ ನಡುಕ ತಡೆಯುವ ಲೆನ್ಸು. ಜೀವವಿದ್ದು ಅಲುಗುವುದಕ್ಕೆ ಬಾಯಗಲದ ಲೆನ್ಸು. ಎರಡೂ ಒಂದರಲ್ಲೇ ಕೂಡಿದ್ದರೆ ಇನ್ನೂ ಲೇಸು. ಧ್ಯಾನಸ್ಥರ ಮುಖಕ್ಕೆ ಫ್ಲ್ಯಾಶ್ ಮಿಂಚಿಸುವುದಂತೂ ಸಲ್ಲದು.

ಮಗ ಚೀಲದಿಂದ 50 ಮಿ.ಮೀ.ನ ಪುಟ್ಟ ಲೆನ್ಸನ್ನು ತೆಗೆದು ತೊಡಿಸುತ್ತಾನೆ. ಹಣತೆಯ ಕುಡಿ ಇನ್ನೂ ಆರಿಲ್ಲ. ಈ ಸಲ ಹಿಂದಿನ ಮರ ಕರಗಿಹೋಗಿದೆ. ತಾಯಿಯ ಮುಖದ ಒಂದೊಂದು ಗೆರೆಯೂ ಎದ್ದು ಕಾಣುತ್ತಿದೆ.

“ಸಾಕಪ್ಪಾ, ಇನ್ನು ನೀನೂ ಕೈಮುಗಿ” ಎನ್ನುತ್ತಾರೆ ಅವರು.