ಘಟ್ಟದ ಮೇಲಣ ಬಚ್ಚಲುಮನೆ

ಹುಬ್ಬಳ್ಳಿಯ ಬಯಲನ್ನು ಬಿಟ್ಟು, ಕಲಘಟಗಿಯನ್ನು ದಾಟಿ ಪಡುವಣಕ್ಕೆ ಸಾಗಿದ ಪ್ರವಾಸಿಗೆ ಯಲ್ಲಾಪುರದ ಸೀಮೆಯನ್ನು ಹೊಕ್ಕೊಡನೆಯೇ ಬೇರೊಂದು ಲೋಕಕ್ಕೆ ಬಂದಂತೆ ತೋರುವುದು. ಎರೆಭೂಮಿಯ ಧೂಳು ಹಿಂದುಳಿದು, ತೇಗ, ಮತ್ತಿ, ಬಿದಿರುಗಳ ನೆರಳು ರಸ್ತೆಯ ಎರಡು ಮಗ್ಗುಲನ್ನೂ ಆವರಿಸುವುದು. ಈ ದಾರಿಯಲ್ಲಿ ಬಂದವರು ಮಾಗೋಡಿನ ಜಲಪಾತವನ್ನೂ, ಶಿರಸಿಯ ಮಾರಿಕಾಂಬೆಯ ಗುಡಿಯನ್ನೂ, ಶಾಲ್ಮಲೆಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗಗಳನ್ನೂ, ಸಿದ್ದಾಪುರದ ಕಡೆಯ ಉಂಚಳ್ಳಿಯನ್ನೂ ಕಂಡು ಬೇಕಾದಷ್ಟು ಬರೆದಿರುವರು. ನಾನು ಬರೆಯಹೊರಟಿರುವುದು ಆ ಪ್ರಾಂತದ ಬಚ್ಚಲುಮನೆಯನ್ನು ಕುರಿತು. ವಾಚಕರು ನಗಬಾರದು. ವರ್ಷಕ್ಕೆ ನಾಲ್ಕು ತಿಂಗಳು ನೀರಿನಲ್ಲಿಯೇ ನಿಂತಿರುವ ನಾಡಿನಲ್ಲಿ ಮೈಯ ಚರ್ಮವನ್ನು ಕಾಪಾಡಿಕೊಳ್ಳುವುದು ಸಣ್ಣ ಕೆಲಸವೇನಲ್ಲ. ಅದನ್ನು ಅಲ್ಲಿಯ ಹೆಂಗಸರಿಂದ ಕೇಳಿ ತಿಳಿಯುವುದು ನನಗೆ ಜಲಪಾತವನ್ನು ನೋಡುವಷ್ಟೇ ಹಿತವಾಗಿತ್ತು.

ಯಲ್ಲಾಪುರದ ಕಾಡುಗಳಲ್ಲಿ ಸೀಗೆಯ ಮುಳ್ಳುಬಳ್ಳಿಯು ದೊಡ್ಡ ಮರಗಳನ್ನು ಹತ್ತಿ ಹರಡಿರುವುದು. ಅಲ್ಲಿಯ ಸಿದ್ದಿಯರೂ ಕುಣಬಿಯರೂ ಮಳೆಗಾಲ ಕಳೆದು ಬಿಸಿಲು ಬಲಿತ ಮೇಲೆ ಕಾಯಿಗಳನ್ನು ಕೂಡಿಸಿ ತರುವರು. ಈ ಸಿದ್ದಿಯರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರೆಂಬುದನ್ನು ನಮ್ಮಲ್ಲಿ ಎಷ್ಟೋ ಜನರು ಇಂದಿಗೂ ಅರಿಯರು. ಮುಳ್ಳಿನ ನಡುವೆ ಕೈಹಾಕಿ ಕಿತ್ತ ಈ ಕಾಯಿಯೇ ಪೇಟೆಯ ಅಂಗಡಿಯಲ್ಲಿ ಪುಡಿಯಾಗಿ ಬಂದಾಗ, ಅದರಲ್ಲಿ ಎಷ್ಟು ಸೀಗೆ, ಎಷ್ಟು ಮರದ ಹೊಟ್ಟು ಎಂಬುದು ದೇವರಿಗೇ ಗೊತ್ತು. ಇಡೀ ಕಾಯಿಯನ್ನು ಕೊಂಡು ಮನೆಯಲ್ಲಿಯೇ ಪುಡಿಮಾಡಿಕೊಳ್ಳುವುದು ಲೇಸು.

ಅಲ್ಲಿಂದ ಶಿರಸಿಯ ಕಡೆಗೆ ಹೊರಳಿ, ಅಡಿಕೆಯ ತೋಟದ ಮಗ್ಗುಲಲ್ಲಿದ್ದ ಒಂದು ಮನೆಯಲ್ಲಿ ನಾಲ್ಕು ದಿನ ತಂಗಿದೆನು. ಆಷಾಢದ ಮಳೆಯು ಹಗಲಿರುಳೆನ್ನದೆ ಸುರಿಯುತ್ತಿತ್ತು. ಮೊಮ್ಮಕ್ಕಳು ‘ಅಮ್ಮಮ್ಮ’ ಎಂದು ಕರೆಯುತ್ತಿದ್ದ ಆ ಮನೆಯ ಹಿರಿಯಾಕೆಯನ್ನು ನಾನೂ ಹಾಗೆಯೇ ಕರೆದೆನು. ಚೀಲವನ್ನು ಕೆಳಗಿಡುವಷ್ಟರಲ್ಲಿಯೇ ಆಕೆಯು “ನೀರು ಕಾದಿದ್ದು, ಮಿಂದ್ಕಂಡು ಬನ್ನಿ” ಎಂದಳು. ಬಚ್ಚಲೊಲೆಯಲ್ಲಿ ಅಡಿಕೆಯ ಒಣಸಿಪ್ಪೆಯು ಸದ್ದಿಲ್ಲದೆ ಉರಿಯುತ್ತಿತ್ತು. ತಾಮ್ರದ ಹಂಡೆಯ ನೀರಿಗೆ ಹೊಗೆಯ ಒಂದು ಕಮ್ಮನೆಯ ವಾಸನೆಯಿತ್ತು. ಗೂಡಿನಲ್ಲಿ ಮೂರು ಪಾತ್ರೆಗಳು: ಒಂದರಲ್ಲಿ ಸೀಗೆಪುಡಿ, ಒಂದರಲ್ಲಿ ನೆನೆಯಿಟ್ಟ ಅಂಟುವಾಳದ ಸಿಪ್ಪೆ, ಇನ್ನೊಂದರಲ್ಲಿ ತಲೆಗೆ ಹಾಕಲು ದಾಸವಾಳದ ಸೊಪ್ಪನ್ನು ಕಿವಿಚಿ ತೆಗೆದ ಲೋಳೆ. ಸಾಬೂನೂ ಇತ್ತು, ಅದು ತೋಟದಿಂದ ಬಂದ ಗಂಡಸರ ಕೆಸರುಗಾಲಿಗೆಂದು ಬಾಗಿಲ ಬಳಿಯಲ್ಲಿತ್ತು.

ಈ ಏರ್ಪಾಡಿನಲ್ಲಿ ಶಾಸ್ತ್ರವುಂಟು. ಹುಳಿ ಮತ್ತು ಕ್ಷಾರಗಳನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ 7 ಎಂಬುದು ಸಮ; ಅದಕ್ಕಿಂತ ಕೆಳಗಿನದು ಹುಳಿ, ಮೇಲಿನದು ಕ್ಷಾರ. ಆರೋಗ್ಯವುಳ್ಳ ಚರ್ಮದ ಮೇಲ್ಮೈಯು ಸುಮಾರು 5ರಷ್ಟಿದ್ದು ಕೊಂಚ ಹುಳಿಯಾಗಿರುವುದು. ಈ ಹುಳಿಯೇ ಅನೇಕ ಕ್ರಿಮಿಗಳಿಗೆ ಅಡ್ಡಿ. ಎಣ್ಣೆ ಮತ್ತು ಕ್ಷಾರಗಳಿಂದ ಮಾಡಿದ ಸಾಮಾನ್ಯ ಸಾಬೂನು 9ರಿಂದ 10ರವರೆಗೆ ಇರುವುದು. ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ತೆರೆದಾಗ ಅದು ನಾಡಿಗೆ ಹೆಮ್ಮೆಯ ಸಂಗತಿಯೇ ಆಗಿತ್ತು; ಕೈತೊಳೆಯಲು ಸಾಬೂನಿಗೆ ಸಮನಾದುದಿಲ್ಲ. ಆದರೆ ದಿನಕ್ಕೆರಡು ಸಲ ಮೈಯೆಲ್ಲ ಉಜ್ಜಿದರೆ ಚರ್ಮದ ಸಹಜವಾದ ಜಿಡ್ಡು ಹೋಗಿ ಬಿರುಕು, ತುರಿಕೆಗಳು ಬರುವುವು. ಸೀಗೆ ಅಂಟುವಾಳಗಳ ನೊರೆಗೆ ಕಾರಣವಾದುದು ಸಪೋನಿನ್ ಎಂಬ ಪದಾರ್ಥ. ಅವುಗಳ ರಸವು ಚರ್ಮದಂತೆಯೇ ತುಸು ಹುಳಿ. ಹಾಗೆಂದು ಕಾಡಿನದೆಲ್ಲವೂ ಸೌಮ್ಯವೆಂದು ತಿಳಿಯಬಾರದು. ಅಂಟುವಾಳದ ನೊರೆ ಕಣ್ಣಿಗೆ ಬಿದ್ದವರನ್ನು ಕೇಳಿ ನೋಡಿ! ಅದನ್ನು ಮೈಯ ಮೃದುವಾದ ಎಡೆಗಳಿಗೆ ಸೋಕಿಸಲೇಕೂಡದು.

ಈ ಮೃದುವಾದ ಎಡೆಗಳ ಮಾತನ್ನು ನಮ್ಮ ಮನೆಗಳಲ್ಲಿ ತಾಯಿ ಮಗಳಿಗೂ ಆಡುವುದಿಲ್ಲ. ಆದಕಾರಣವೇ ಇಲ್ಲಿ ಬಿಡಿಸಿ ಹೇಳುವೆನು. ಸ್ತ್ರೀಯರ ಗುಹ್ಯಾಂಗದ ಒಳಭಾಗವು ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುವುದು. ಹಾಲನ್ನು ಮೊಸರಾಗಿಸುವ ಜೀವಾಣುಗಳ ಕುಲಕ್ಕೇ ಸೇರಿದ ಉಪಕಾರಿ ಜೀವಾಣುಗಳು ಅಲ್ಲಿ ನೆಲಸಿ, ಅದನ್ನು ಚರ್ಮಕ್ಕಿಂತಲೂ ಹುಳಿಯಾಗಿ ಇಡುವುವು. ಇವುಗಳನ್ನು 1892ರಲ್ಲಿ ಡೋಡರ್ಲೈನ್ ಎಂಬ ಜರ್ಮನ್ ವೈದ್ಯನು ವಿವರಿಸಿದನು. ಒಳಗೆ ನೀರು ಹೊಡೆಯುವುದರಿಂದಲೂ, ಸಾಬೂನು, ಅರಿಶಿನ, ನಿಂಬೆರಸ, ಕ್ರಿಮಿನಾಶಕ ದ್ರವ ಇವುಗಳಿಂದಲೂ ಆ ಹುಳಿಯು ಕೆಟ್ಟು, ಇಲ್ಲದ ರೋಗವು ಬರುವುದು. ಹೊರಭಾಗವನ್ನು ಉಗುರುಬೆಚ್ಚಗಿನ ಬರಿಯ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದು, ಒತ್ತಿ ಒರಸಿದರೆ ಸಾಕು. ಗಂಡಸರಿಗೂ ಬೆಚ್ಚನೆಯ ನೀರೇ ಸಾಕು. ಮುಂದೊಗಲುಳ್ಳವರು ಅದನ್ನು ಮೆಲ್ಲನೆ ಸರಿಸಿ ತೊಳೆಯಬೇಕು. ಶಿರಸಿಯ ಪೇಟೆಯಲ್ಲಿಯೂ ಈಗ ಇಂಟಿಮೇಟ್ ವಾಷ್ ಎಂಬ ಪರಿಮಳದ ಸೀಸೆಗಳು ದೊರೆಯುವುವು. ಅವುಗಳ ಪರಿಮಳವೇ ಕೆಲವರಿಗೆ ಉರಿ ತರುವುದು. ನನ್ನ ಮಟ್ಟಿಗೆ ಅದು ದಂಡದ ಖರ್ಚು.

ಮಲೆನಾಡಿನ ನಿಜವಾದ ಶತ್ರು ತೇವ. ತೋಟದಲ್ಲಿ ನೆನೆದು ಬಂದವನು ಒದ್ದೆಯ ಕೌಪೀನದಲ್ಲಿಯೇ ಮಧ್ಯಾಹ್ನದವರೆಗೆ ಕುಳಿತರೆ ತೊಡೆಯ ಸಂದಿಯಲ್ಲಿ ಗಜಕರ್ಣವು ಏಳುವುದು. ಅದು ಬೂಷ್ಟಿನ ಜಾತಿಯ ರೋಗ. ಒಬ್ಬರ ಪಂಚೆಯಿಂದ ಇನ್ನೊಬ್ಬರಿಗೆ ಹರಡುವುದು. ನಾಚಿಕೆಯಿಂದ ವೈದ್ಯರಿಗೆ ತೋರಿಸದೆ, ಅಂಗಡಿಯವನು ಕೊಟ್ಟ ಮುಲಾಮನ್ನು ಹಚ್ಚುವುದು ಎಲ್ಲೆಡೆಯೂ ಕಂಡುಬರುವ ವಾಡಿಕೆ. ಅಂಥ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ತುರಿಕೆಯು ಎರಡು ದಿನ ಅಡಗಿ, ಬೂಷ್ಟು ಒಳಗೊಳಗೇ ಹಬ್ಬಿ, ಚರ್ಮವು ತೆಳ್ಳಗಾಗಿ ಬಿರಿಯುವುದು. ಇಂಥ ಅನೇಕ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿ ವಿಧಿಸಿತು. ಮಾರಾಟವು ನಿಂತಿಲ್ಲ.

ಹೆಂಗಸರ ಕಷ್ಟವು ಇದಕ್ಕಿಂತ ಹೆಚ್ಚಿನದು. ತಿಂಗಳಿನ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಬೇಕೆಂದು ಪುಸ್ತಕಗಳು ಹೇಳುವುವು. ಬಿಸಿಲೆಲ್ಲಿ? ಗಂಡಸರ ಕಣ್ಣಿಗೆ ಬೀಳಬಾರದೆಂದು ಕೊಟ್ಟಿಗೆಯ ಹಿಂದೆ, ಹಾಸಿಗೆಯ ಅಡಿಯಲ್ಲಿ ಬಚ್ಚಿಟ್ಟ ಬಟ್ಟೆಯು ಒಣಗದೆ ಮುಗ್ಗಿ, ತುರಿಕೆಗೂ ಹುಣ್ಣಿಗೂ ದಾರಿಯಾಗುವುದು. ಅಮ್ಮಮ್ಮನ ಮನೆಯಲ್ಲಿ ನಾನು ಮೆಚ್ಚಿದ ಸಂಗತಿಯೆಂದರೆ ಇದೇ: ಬಚ್ಚಲೊಲೆಯ ಮೇಲ್ಗಡೆ ಬಿದಿರಿನ ಒಂದು ಗಳುವನ್ನು ಕಟ್ಟಿ, ಸೊಸೆಯಂದಿರ ಬಟ್ಟೆಗಳನ್ನು ಬಹಿರಂಗವಾಗಿಯೇ ಹರವಿದ್ದಳು. ಪೂರ್ತಿ ಒಣಗಿದ ಮೇಲೆ ಇಸ್ತ್ರಿಯನ್ನೂ ಹಾಕಿಸುತ್ತಿದ್ದಳು. “ಮೊದಲು ಹೀಗಿತ್ತೇ?” ಎಂದು ಕೇಳಿದೆನು. ತನ್ನ ಕಾಲದಲ್ಲಿ ಮೂರು ದಿನ ಹೊರಗೆ ಕುಳಿತು, ಹಸಿಬಟ್ಟೆಯನ್ನೇ ಮತ್ತೆ ಉಟ್ಟು ವರ್ಷಗಟ್ಟಲೆ ತುರಿಕೆಯಿಂದ ನವೆದುದನ್ನು ಆಕೆಯು ಹೇಳಿದಳು. ಹಳೆಯದನ್ನೆಲ್ಲ ಹೊಗಳುವವರು ಇದನ್ನೂ ನೆನಪಿಡಬೇಕು. ದುರ್ವಾಸನೆಯ ಸ್ರಾವ, ಮೊಸರಿನ ಗರಣೆಯಂಥ ಬಿಳುಪು, ಮೂತ್ರದಲ್ಲಿ ಉರಿ, ರಕ್ತದ ಕಲೆ, ಇವು ಕಂಡರೆ ಮನೆಮದ್ದನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು.

ಕೊನೆಯ ದಿನ ಸಿದ್ದಾಪುರದ ಕಡೆಯಲ್ಲಿದ್ದ ಆಕೆಯ ತವರಿಗೆ ಹೋಗಿದ್ದೆವು. ಅಲ್ಲಿ ಮುರುಗಲ ತುಪ್ಪವನ್ನು ಕಂಡೆನು. ತೆಂಕಣ ಕರಾವಳಿಯವರು ಪುನರ್ಪುಳಿ ಎನ್ನುವುದು ಈ ಮುರುಗಲನ್ನೇ. ಬೇಸಗೆಯಲ್ಲಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿಟ್ಟು, ಬೀಜಗಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲಕ್ಕೆ ತೇಲುವುದು. ಆರಿದಾಗ ಬೆಳ್ಳಗೆ ಗಟ್ಟಿಯಾಗುವ ಅದನ್ನು ಉಂಡೆಕಟ್ಟಿ ಇಡುವರು. ಒಡೆದ ಹಿಮ್ಮಡಿಗೆ, ಚಳಿಗೆ ಬಿರಿದ ತುಟಿಗೆ, ಒಣಗಿದ ಮೊಣಕೈಗೆ ಇದನ್ನು ಬೆಂಕಿಗೆ ತೋರಿಸಿ ಸವರುವರು. ತೇವವಾಗಿರುವ ಸಂದಿಗಳಿಗೆ ಮಾತ್ರ ಹಚ್ಚಬಾರದು. ಜಿಡ್ಡು ಅಲ್ಲಿಯ ಬೆವರನ್ನು ಕಟ್ಟಿಹಾಕುವುದು. ಹೊರಡುವಾಗ ಅಮ್ಮಮ್ಮನ ಅತ್ತಿಗೆಯು ನಿಂಬೆಯ ಗಾತ್ರದ ಒಂದು ಉಂಡೆಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು. ಹುಬ್ಬಳ್ಳಿಯನ್ನು ಮುಟ್ಟುವವರೆಗೂ ಅದು ಕರಗಲಿಲ್ಲ.